ನೀರಿಲ್ಲ ಎಂದು ನಗುತ್ತಿದ್ದವರು

ನಮ್ಮ ಸೀಮೆಯಲ್ಲಿ ‘ನೀರಿಲ್ಲ’ ಅನ್ನುವ ಮಾತನ್ನು ನಗುತ್ತಾ ಹೇಳಿದವರನ್ನು ನಾನು ಒಬ್ಬರನ್ನೇ ನೋಡಿದ್ದು. ಅವರು ತೀರಿಹೋಗಿ ಈಗ ಒಂದೂವರೆ ತಿಂಗಳು.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ, ಮಿಡಿಗೇಶಿ ಬೆಟ್ಟ ಕಣ್ಣಿಗೆ ಬೀಳುವಷ್ಟು ದೂರದ ಒಂದು ಪೆಟ್ರೋಲ್ ಬಂಕಿನಲ್ಲಿ ನಾನು ಹತ್ತೊಂಬತ್ತು ವರ್ಷ ರಿಜಿಸ್ಟರ್ ಬರೆದೆ. ಅವರು ನನಗಿಂತ ಹತ್ತು ವರ್ಷ ಮೊದಲೇ ಅಲ್ಲಿ ಸೇರಿದ್ದವರು. ಬಂಕು ಅಂದರೆ ಪೈಪು ಹಿಡಿದು ಪೆಟ್ರೋಲ್ ಹಾಕುವುದು ಅಂತಲೇ ಎಲ್ಲರ ಲೆಕ್ಕ. ಆದರೆ ಬೆಳಗ್ಗೆ ಆರಕ್ಕೆ, ಮೊದಲ ಗಾಡಿ ಬರುವ ಮುಂಚೆ, ಇನ್ನೊಂದು ಕೆಲಸವಿದೆ. ನೆಲದಡಿಯ ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿದೆ, ತಳದಲ್ಲಿ ನೀರೇನಾದರೂ ಸೇರಿಕೊಂಡಿದೆಯಾ ಅಂತ ನೋಡಬೇಕು. ಅದಕ್ಕೊಂದು ಅಳತೆಯ ಕೋಲು, ಡಿಪ್ ಕೋಲು ಅನ್ನುತ್ತಿದ್ದೆವು. ಕೋಲಿನ ತುದಿಗೆ ಒಂದು ಬಗೆಯ ಪೇಸ್ಟು ಸವರಿ ಟ್ಯಾಂಕಿಗೆ ಇಳಿಬಿಡುವುದು. ನೀರು ತಾಗಿದರೆ ಪೇಸ್ಟು ಕೆಂಪಾಗುತ್ತದೆ. ತಾಗದಿದ್ದರೆ ಇದ್ದ ಬಣ್ಣದಲ್ಲೇ ಮೇಲೆ ಬರುತ್ತದೆ.

ಆ ಕೋಲು ಅವರದು. ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಎಲೆಗೆ ಸುಣ್ಣ ಸವರುವ ಹಾಗೆ ಉಂಗುರದ ಬೆರಳಿನಲ್ಲಿ ಪೇಸ್ಟು ಸವರುತ್ತಿದ್ದರು; ಹೆಚ್ಚಾದರೆ ಮತ್ತೆ ಟ್ಯೂಬಿನ ಬಾಯಿಗೇ ಒರೆಸುತ್ತಿದ್ದರು. ಕೋಲು ತಳ ಮುಟ್ಟಿದ ಮೇಲೆ ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದಕ್ಕೆ ಅವರು ಒಂದು ಎರಡು ಅಂತ ಎಣಿಸುತ್ತಿರಲಿಲ್ಲ. ಮಧುಗಿರಿ ಬಸ್ ಸ್ಟ್ಯಾಂಡಿನಿಂದ ಪಾವಗಡದವರೆಗೆ ಬಸ್ಸು ನಿಲ್ಲುವ ಊರುಗಳನ್ನು ಒಂದೊಂದಾಗಿ ಬಾಯೊಳಗೇ ಹೇಳಿಕೊಳ್ಳುತ್ತಿದ್ದರು. ಪಾವಗಡ ಬಂತು ಅಂದರೆ ಕೋಲು ಮೇಲೆ ಬರುತ್ತಿತ್ತು. ತುದಿಯನ್ನು ಕಣ್ಣಿನ ಹತ್ತಿರ ಹಿಡಿದು, ಸೂರ್ಯ ಹುಟ್ಟುವ ಕಡೆ ತಿರುಗಿ ನೋಡಿ, ಹಲ್ಲೆಲ್ಲ ಕಾಣುವ ಹಾಗೆ ನಕ್ಕು ಕೂಗುತ್ತಿದ್ದರು:

“ನೀರಿಲ್ಲ! ಬರ್ಕೊಳಮ್ಮ!”

ನಾನು ‘ನೀರು’ ಅನ್ನುವ ಕಾಲಮ್ಮಿನಲ್ಲಿ ‘ಇಲ್ಲ’ ಅಂತ ಬರೆಯುತ್ತಿದ್ದೆ. ಹತ್ತೊಂಬತ್ತು ವರ್ಷ ಬರೆದೆ.

ಒಂದು ಬೇಸಿಗೆಯಲ್ಲಿ ಪಕ್ಕದ ಹಳ್ಳಿಗೆ ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಗಳೊಬ್ಬಳು ಬಂಕಿನ ನಲ್ಲಿಯಲ್ಲಿ ಹಿಡಿಯೋಣ ಅಂತ ಎರಡು ಬಿಂದಿಗೆ ತಂದಿದ್ದಳು. ಅವಳು ಗೇಟಿನ ಹತ್ತಿರ ಬರುವುದಕ್ಕೂ ಇವರು “ನೀರಿಲ್ಲ!” ಅಂತ ಕೂಗುವುದಕ್ಕೂ ಸರಿಹೋಯಿತು. ಅವಳು ನಿಂತಲ್ಲೇ ತಿರುಗಿದಳು. “ಇಲ್ಲ ಅನ್ನೋಕೂ ಇಷ್ಟು ಖುಸಿ ಪಡ್ತಾರಲ್ಲ, ಎಂಥ ಜನಾನೋ” ಅಂತ ಬೈದುಕೊಂಡು ಹೊರಟೇಬಿಟ್ಟಳು. ಇವರು ಕೋಲು ಹಿಡಿದುಕೊಂಡೇ ರಸ್ತೆ ತನಕ ಓಡಿದರು. “ಲೇ ತಾಯಿ, ಅದು ನಿಂಗಲ್ಲ ಕಣಮ್ಮ, ಪೆಟ್ರೋಲಿಗೆ! ಬಾ, ನಲ್ಲೀಲಿ ಬೇಕಾದಷ್ಟು ಐತೆ!” ಅವಳ ಎರಡೂ ಬಿಂದಿಗೆ ತಾವೇ ತುಂಬಿಸಿ ಕೊಟ್ಟರು. ಆಮೇಲೆ ನನಗೆ ಹೇಳಿದರು, “ನೋಡು, ಇಡೀ ಸೀಮೆ ಅಳೋ ಮಾತ್ಗೆ ನಾನೊಬ್ಬ ನಗ್ತೀನಿ. ನಂದೂ ಒಂದ್ ಕರ್ಮ.”

ಡಿಪ್ ಹಾಕುವ ಅಣ್ಣ ಅನ್ನುವುದು ಡಿಪ್ಪಣ್ಣ ಆಗಿತ್ತು. ನಮ್ಮ ಕಡೆ ತಿಪ್ಪಣ್ಣ ಅನ್ನುವ ಹೆಸರು ಮನೆಗೊಂದು ಇರುವುದರಿಂದ ಹೊರಗಿನವರು ಅದನ್ನೇ ಸರಿ ಅಂದುಕೊಳ್ಳುತ್ತಿದ್ದರು. ಮದುವೆ ಕಾರ್ಡುಗಳೂ ‘ತಿಪ್ಪಣ್ಣನವರಿಗೆ’ ಅಂತಲೇ ಬರುತ್ತಿದ್ದವು. ಅವರ ಹೆಸರು ಅದಲ್ಲ. ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದೂ ಇಲ್ಲ. ಅವರಿಗೆ ಕೊನೆಯಲ್ಲಿ ಅಂಟಿದ ಇನ್ನೊಂದು ಹೆಸರಿದೆ, ಅದನ್ನು ಕಿತ್ತು ಹಾಕುವುದಕ್ಕೇ ನಾನು ಇದನ್ನು ಬರೆಯಲು ಕೂತದ್ದು.

ಗಿಡ್ಡ ಆಳು. ಅಂಗಿಯ ಮೇಲಿನ ಗುಂಡಿ ಯಾವಾಗಲೂ ಹಾಕಿರಬೇಕು. ಊಟಕ್ಕೆ ಮುಂಚೆ ಸೀಗೆಪುಡಿಯಲ್ಲಿ ಕೈ ತೊಳೆದು ಮೂಸಿ ನೋಡುತ್ತಿದ್ದರು, ಮತ್ತೆ ತೊಳೆಯುತ್ತಿದ್ದರು. “ಮುದ್ದೆಗೆ ಪೆಟ್ರೋಲ್ ವಾಸ್ನೆ ಬಂದ್ರೆ ಹೊಟ್ಟೆ ಸ್ಟಾರ್ಟ್ ಆಗ್ಬುಡ್ತದೆ” ಅನ್ನುವುದು ದಿನದ ಜೋಕು. ದಿನವೂ ತಾವೇ ನಗುತ್ತಿದ್ದರು. ಯಾರಾದರೂ ಗಿರಾಕಿ ಎಣ್ಣೆ ಸರಿಯಿಲ್ಲ ಅಂದರೆ ಕೋಪ ಮಾಡಿಕೊಳ್ಳದೆ ಬಿಳಿಯ ಶೋಧಕ ಕಾಗದ ತಂದು ಅದರ ಮೇಲೆ ಒಂದು ಹನಿ ಬಿಡುತ್ತಿದ್ದರು. ಹನಿ ಕಲೆ ಉಳಿಸದೆ ಆರಿಹೋಗುವವರೆಗೂ ಗಿರಾಕಿ ಅಲ್ಲೇ ನಿಂತಿರಬೇಕು. “ನೋಡ್ಕಳಿ ಸ್ವಾಮಿ. ನನ್ ಬಾಯ್ ಮಾತು ನಂಬಬೇಡಿ, ಕಾಗ್ದ ನಂಬಿ” ಅನ್ನುತ್ತಿದ್ದರು. ಆದರೆ ಜನ ನಂಬುತ್ತಿದ್ದದ್ದು ಅವರ ಬಾಯಿಮಾತನ್ನೇ. ದೂರದ ಬಂಕುಗಳನ್ನು ದಾಟಿ ನಮ್ಮಲ್ಲಿಗೆ ಬರುತ್ತಿದ್ದ ಆಟೋದವರಿದ್ದರು.

ಬೆಳಗ್ಗೆ ಡಿಪ್ ಹಾಕುವ ಹೊತ್ತಿಗೆ ಸರಿಯಾಗಿ ರಸ್ತೆಯಲ್ಲಿ ಓಡಿಕೊಂಡು ಬರುತ್ತಿದ್ದವಳು ಭಾಗ್ಯ. ಬಂಕಿನ ಹಿಂದಿನ ಹಳ್ಳಿಯ ಹುಡುಗಿ. ಪೊಲೀಸ್ ಕೆಲಸಕ್ಕೆ ಸೇರಬೇಕು ಅಂತ ದಿನಾ ಬೆಳಗ್ಗೆ ಬೆಟ್ಟದ ಬುಡದ ತನಕ ಓಡಿ ವಾಪಸ್ ಬರುತ್ತಿದ್ದಳು. ಅಣ್ಣನ ಹಳೆಯ ಟೀ ಶರ್ಟು, ಕಾಲಿಗೆ ಒಂದು ಸೈಜು ದೊಡ್ಡ ಶೂ. ಇವರು ಕೋಲನ್ನು ಬಂದೂಕಿನ ಹಾಗೆ ಹೆಗಲಿಗೆ ಇಟ್ಟು ಸೆಲ್ಯೂಟ್ ಹೊಡೆಯುತ್ತಿದ್ದರು.

“ಏನ್ ಎಸ್ಸೈಯಮ್ಮ, ಇವತ್ತು ಲೇಟು?”

“ನಾಯಿ ಅಟ್ಟಿಸ್ಕಂಡ್ ಬಂತು ಡಿಪ್ಪಣ್ಣ.”

“ಪೊಲೀಸ್ನೇ ನಾಯಿ ಅಟ್ಟಿಸ್ಕಂಡ್ ಬಂದ್ರೆ ಕಳ್ಳನ್ನ ಯಾರು ಅಟ್ಟಿಸ್ಕಂಡ್ ಹೋಗ್ತಾರಮ್ಮ?”

“ತಡೀರಿ, ಡ್ಯೂಟಿಗೆ ಸೇರಿದ್ ಮೊದಲ್ನೇ ದಿನ ನಿಮ್ ಬಂಕಿಗೇ ರೇಡು!”

ಎರಡು ಸಲ ಅವಳು ಪರೀಕ್ಷೆಯಲ್ಲಿ ಒಂದೆರಡು ಅಂಕಕ್ಕೆ ತಪ್ಪಿದ್ದಳು. ಮೂರನೆಯ ಸಲ ಬರವಣಿಗೆಯ ಪರೀಕ್ಷೆ ಪಾಸಾಯಿತು. ತುಮಕೂರಿನಲ್ಲಿ ಓಟದ ಪರೀಕ್ಷೆಯೊಂದೇ ಬಾಕಿ. ವಯಸ್ಸಿನ ಮಿತಿ ಮುಗಿಯುತ್ತಿದ್ದದ್ದರಿಂದ ಅದೇ ಅವಳ ಕೊನೆಯ ಸಲ. ಓಟದಲ್ಲಿ ಅವಳು ತಪ್ಪುವ ಮಾತೇ ಇರಲಿಲ್ಲ. ಸುದ್ದಿ ಕೇಳಿ ಇವರು ಮಿಡಿಗೇಶಿಯಿಂದ ಅರ್ಧ ಕೆಜಿ ಖಾರ ಬೂಂದಿ ತರಿಸಿ ಬಂಕಿಗೆಲ್ಲ ಹಂಚಿದರು. “ಸಿಹಿ, ಕೆಲ್ಸ ಆದ್ಮೇಲೆ” ಅಂದರು.

ಎಣ್ಣೆ ಕಂಪನಿ ಹಸಿರಾಗುತ್ತಿದ್ದ ಕಾಲವೂ ಅದೇ.

ಪೇಪರಿನಲ್ಲಿ ಈಗ ದಿನಾ ಬರುತ್ತದೆ: ಎಣ್ಣೆ ಕಂಪನಿಗಳು ಶುದ್ಧ ಇಂಧನದ ಕಡೆ ಹೊರಳುತ್ತಿವೆ, ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಿವೆ, ಬಂಕಿನ ಚಾವಣಿ ಮೇಲೆ ಸೋಲಾರ್, ಮೂಲೆಯಲ್ಲಿ ಕರೆಂಟ್ ಗಾಡಿಗೆ ಚಾರ್ಜರ್. ಇದು ನಿಜ ಬದಲಾವಣೆಯೋ ಬರೀ ಬಣ್ಣವೋ ಅಂತ ತಿಳಿದವರು ವಾದ ಮಾಡುತ್ತಾರೆ. ನನಗೆ ಅಷ್ಟು ದೊಡ್ಡದು ಗೊತ್ತಾಗುವುದಿಲ್ಲ. ನಮ್ಮ ಬಂಕಿಗೆ ಆ ಬದಲಾವಣೆ ಒಂದು ರಟ್ಟಿನ ಡಬ್ಬದಲ್ಲಿ ಬಂತು, ಅಷ್ಟು ನನಗೆ ಗೊತ್ತು.

ಅದಕ್ಕೂ ಮೊದಲು ಸಿರಾದ ಹೈವೇ ಹೋಟೆಲಿನಲ್ಲಿ ಬಂಕಿನ ಮಾಲೀಕರಿಗೆ ಕಂಪನಿಯವರು ಮೀಟಿಂಗ್ ಮಾಡಿದ್ದರು. ನಮ್ಮ ಮಾಲೀಕರು ಹೋಗಿ ಬಿರಿಯಾನಿ ಉಂಡು, ಒಂದು ಗೋಡೆ ಗಡಿಯಾರ ತಂದರು. “ಏನ್ ಹೇಳಿದ್ರು ಯಜಮಾನ್ರೇ?” ಅಂತ ಇವರು ಕೇಳಿದ್ದಕ್ಕೆ, “ಎಲ್ಲಾ ಗ್ರೀನ್ ಅಂತಪ್ಪ ಇನ್ಮೇಲೆ” ಅಂದರು. ಅಲ್ಲಿಗೆ ನಮ್ಮ ತರಬೇತಿ ಮುಗಿಯಿತು.

ಎಥನಾಲ್ ಬಗ್ಗೆ ಮಾತ್ರ ಇವರಿಗೆ ತುಂಬ ಹೆಮ್ಮೆ. ಕಬ್ಬಿನಿಂದ ಮಾಡುತ್ತಾರೆ, ಮುಸುಕಿನ ಜೋಳದಿಂದಲೂ ಮಾಡುತ್ತಾರೆ ಅಂತ ಯಾರೋ ಹೇಳಿದ್ದರು. ಆವತ್ತಿನಿಂದ ಪೆಟ್ರೋಲ್ ಹಾಕಿಸಲು ಬಂದ ಪ್ರತಿ ರೈತನಿಗೂ, “ಏನ್ ಗೌಡ್ರೇ, ನಿಮ್ ಹೊಲದ್ ಜೋಳಾನೇ ನಿಮ್ ಗಾಡಿಗೆ ಹಾಕ್ತಾ ಇವ್ನಿ, ರುಚಿ ನೋಡ್ತೀರಾ?” ಅನ್ನುತ್ತಿದ್ದರು.

ಕಂಪನಿಯಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಆಫೀಸರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಅವರನ್ನು ಇವರು ಒಂದು ದಿನ ನೇರವಾಗಿ ಕೇಳಿದರು.

“ಸಾರ್, ಒಂದ್ ಮಾತು. ಎಣ್ಣೆ ಮಾರೋ ಕಂಪ್ನಿಯೋರೇ ಎಣ್ಣೆ ಕಮ್ಮಿ ಮಾಡಿ ಅಂತೀರಿ. ಹೆಂಡದಂಗಡಿಯೋನು ಕುಡೀಬೇಡಿ ಅಂದಂಗಾಯ್ತಲ್ಲ. ಹೆಂಗ್ ನಂಬೋದು?”

ಆಫೀಸರು ನಕ್ಕರು. “ಎಣ್ಣೆ ಬಿಡಲ್ಲ ಅಣ್ಣ, ಜೊತೆಗೆ ಇನ್ನೊಂದು ಕಟ್ಕೊಳ್ತೀವಿ. ಕಂಪನಿ ಉಳೀಬೇಕಲ್ಲ.”

“ನಾವು?”

“ನೀವು ಇದ್ದೇ ಇರ್ತೀರಲ್ಲ. ನಿಮ್ಮನ್ನ ಬಿಟ್ಟು ಬಂಕ್ ಎಲ್ಲಿದೆ?” ಅಂದು ಆಫೀಸರು ಜೀಪು ಹತ್ತಿದರು. ಅವರಿಗೂ ನೋಡಿಕೊಳ್ಳಲು ಕೊಳಾಲದ ಕಡೆಯಿಂದ ಆಂಧ್ರದ ಗಡಿವರೆಗೆ ಬಂಕುಗಳಿದ್ದವು.

ಆ ಡಬ್ಬ ಬಂದದ್ದು ಒಂದು ಮಧ್ಯಾಹ್ನ. ಒಳಗೆ ಹಸಿರು ಬ್ಯಾನರು, ಎಲೆಯ ಚಿತ್ರದ ಸ್ಟಿಕ್ಕರು, ನಾಲ್ಕು ಟೋಪಿ. ತಳದಲ್ಲಿ ಒಂದು ಪುಟ್ಟ ಟ್ಯೂಬು, ಅದಕ್ಕೆ ಸುತ್ತಿದ ಇಂಗ್ಲಿಷ್ ಚೀಟಿ. ಎಲ್ಲರೂ ಟೋಪಿ ಹಾಕಿಕೊಂಡು ನೋಡುತ್ತಿದ್ದರು. ಇವರು ಟ್ಯೂಬನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ನನಗೆ ಕೊಟ್ಟರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಾನು ಪಿಯುಸಿ ಓದಿದವಳು.

“ಇದೇನಮ್ಮ ನೋಡು, ಏನೋ ಬರ್ದವ್ರೆ.”

ನಾನು ಬ್ಯಾನರಿನ ಸುಕ್ಕು ಬಿಡಿಸುತ್ತಾ ಇದ್ದೆ. ಟ್ಯೂಬಿನ ಮೇಲಿನ ಒಂದು ಪದ ಓದಿದೆ. ಚೀಟಿ ಬಿಡಿಸಲಿಲ್ಲ.

“ಅದೇ ಪೇಸ್ಟ್ ಅಣ್ಣ” ಅಂದೆ.

“ಅದೇನಾ? ಹಂಗಾರೆ ಇರ್ಲಿ ಬುಡು. ಹಳೇದು ಇನ್ನೂ ಅರ್ಧ ಟ್ಯೂಬ್ ಐತೆ. ಅದು ಮುಗೀಲಿ.”

ನಮ್ಮ ಮನೆಗಳಲ್ಲಿ ಹೊಸ ಸೋಪು ಒಡೆಯುವ ಮುಂಚೆ ಹಳೆಯ ಚೂರನ್ನು ಅದರ ಬೆನ್ನಿಗೆ ಅಂಟಿಸುತ್ತೇವೆ. ಹೊಸ ಉಪ್ಪಿನಕಾಯಿ ಜಾಡಿ ಮೇಲೇ ಇರುತ್ತದೆ, ಹಳೆಯದರ ತಳ ಕೆರೆಯುತ್ತೇವೆ. ಅವರು ಮಾಡಿದ್ದೂ ಅಷ್ಟೇ. ಟ್ಯೂಬು ನನ್ನ ಮೇಜಿನ ಡ್ರಾದೊಳಗೆ ಹೋಯಿತು. ಚೀಟಿಯಲ್ಲಿ ಏನಿತ್ತು ಅಂತ ನಾನು ಓದಿದ್ದು ಆಮೇಲೆ. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ನೀರು ಸೇರಿದರೆ ಅದು ಎಥನಾಲಿನ ಜೊತೆ ಕೂಡಿಕೊಂಡು ತಳಕ್ಕೆ ಇಳಿಯುತ್ತದೆ; ಹಳೆಯ ಪೇಸ್ಟಿಗೆ ಅದು ಸರಿಯಾಗಿ ಕಾಣುವುದಿಲ್ಲ; ಇನ್ನು ಮುಂದೆ ಈ ಹೊಸ ಪೇಸ್ಟನ್ನೇ ಬಳಸಬೇಕು. ಅಷ್ಟೇ. ನಾಲ್ಕು ಸಾಲು.

ಭಾಗ್ಯಳ ಓಟದ ಪರೀಕ್ಷೆಯ ಹಿಂದಿನ ದಿನ ಸಂಜೆ ನಮ್ಮ ಕಡೆ ಅಪರೂಪಕ್ಕೆ ಆಗುವಂಥ ಮಳೆ ಆಯಿತು. ಬಂಕಿನ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತು ಇಳಿದಿತ್ತು. ಟ್ಯಾಂಕಿಗೆ ಎಣ್ಣೆ ತುಂಬಿಸುವ ಬಾಯಿಯ ಮುಚ್ಚಳದ ರಬ್ಬರು ಸವೆದು, ಒಳಗೆ ನೀರು ಹೋಗಿತ್ತು. ಅದು ಆಮೇಲೆ ತಿಳಿದದ್ದು.

ಬೆಳಗ್ಗೆ ಮಳೆ ಬಿದ್ದಿದೆ ಅಂತ ಅವರು ಎಂದಿಗಿಂತ ಎಚ್ಚರವಾಗಿ ನೋಡಿದರು. ಒಂದು ಸಲ ಅಲ್ಲ, ಎರಡು ಸಲ ಬಾಯೊಳಗೇ ಪಾವಗಡಕ್ಕೆ ಹೋಗಿ ಬಂದರು. ಪೇಸ್ಟು ಎರಡು ಸಲವೂ ಇದ್ದ ಬಣ್ಣದಲ್ಲೇ ಬಂತು. ಮೇಲಿನಿಂದ ತೆಗೆದ ಎಣ್ಣೆಯ ಸಾಂದ್ರತೆಯೂ ಸರಿಯಾಗಿತ್ತು.

“ಇಷ್ಟ್ ಮಳೆ ಬಂದ್ರೂ ನೀರಿಲ್ಲ! ಬರ್ಕೊಳಮ್ಮ!” ಅವತ್ತು ಎಂದಿಗಿಂತ ಜೋರಾಗಿ ಕೂಗಿದರು.

ಬರೆದೆ.

ಮೊದಲನೇ ಗಾಡಿಯೇ ಭಾಗ್ಯಳ ಅಣ್ಣನ ಬೈಕು. ಹಿಂದೆ ಅವಳು, ಹೊಸ ಶೂ, ಕೈಯಲ್ಲಿ ಹಾಲ್ ಟಿಕೆಟಿನ ಪ್ಲಾಸ್ಟಿಕ್ ಕವರು. ಇವರು ಪೈಪನ್ನು ಬೇರೆಯವರ ಕೈಯಿಂದ ಕಿತ್ತುಕೊಂಡು ತಾವೇ ಹಾಕಿದರು.

“ಫುಲ್ ಹಾಕಿವ್ನಿ ಎಸ್ಸೈಯಮ್ಮ. ಎಲ್ಲೂ ನಿಲ್ಸಂಗಿಲ್ಲ, ಸೀದಾ ತುಮ್ಕೂರು!”

“ವಾಪಸ್ ಬರೋವಾಗ ಸಿಹಿ ರೆಡಿ ಇರ್ಬೇಕು ಡಿಪ್ಪಣ್ಣ.”

ಬೈಕು ಮಧುಗಿರಿ ಮುಟ್ಟಲಿಲ್ಲ. ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಎಗರಿ ಎಗರಿ ನಿಂತಿತು. ಒದ್ದರು, ತಳ್ಳಿದರು, ಪ್ಲಗ್ ಬಿಚ್ಚಿ ಒರೆಸಿದರು. ಬಸ್ಸು ಇನ್ನೂ ಮುಕ್ಕಾಲು ಗಂಟೆ ಇಲ್ಲ. ಹುಡುಗಿ ಮುಂದಿನ ಊರಿನ ತನಕ ಓಡಿದಳು. ಅಲ್ಲಿ ಒಂದು ಹಾಲಿನ ಗಾಡಿಯವನು ಹತ್ತಿಸಿಕೊಂಡು ಮಧುಗಿರಿಗೆ ಬಿಟ್ಟ. ಅಲ್ಲಿಂದ ತುಮಕೂರು ಬಸ್ಸು. ಕೊರಟಗೆರೆಯಲ್ಲಿ ಸಂತೆಯ ದಿನವಂತೆ, ಬಸ್ಸು ಇಪ್ಪತ್ತು ನಿಮಿಷ ಅಲ್ಲೇ ಸಿಕ್ಕಿಕೊಂಡಿತಂತೆ. ಮೈದಾನದ ಗೇಟು ಮುಚ್ಚಿ ಹತ್ತು ನಿಮಿಷಕ್ಕೆ ಅವಳು ಅಲ್ಲಿಗೆ ಮುಟ್ಟಿದಳು. ಒಳಗೆ ಹುಡುಗಿಯರು ಓಡುತ್ತಿರುವುದು ಕಂಬಿ ಸಂದಿಯಿಂದ ಕಾಣುತ್ತಿತ್ತಂತೆ.

ನಮ್ಮ ಬಂಕಿನಲ್ಲಿ ಅಷ್ಟು ಹೊತ್ತಿಗೆ ಎಂಟು ಹತ್ತು ಗಾಡಿಯವರು ತಳ್ಳಿಕೊಂಡು ವಾಪಸ್ ಬಂದಿದ್ದರು. ಒಬ್ಬ ಆಟೋದವನು ಸೀಸೆಯಲ್ಲಿ ಎಣ್ಣೆ ಹಿಡಿದು ಎತ್ತಿ ತೋರಿಸಿದ. ತಳದಲ್ಲಿ ಬೇರೆ ಪದರ, ಮೇಲೆ ಬೇರೆ. “ಏನ್ ಡಿಪ್ಪಣ್ಣ, ನೀರಿಲ್ಲ ಅಂತ ಬಾಯ್ ಬಡ್ಕಂತಿದ್ದೆ, ಇದೇನು ಎಳನೀರಾ?”

ಅವರು ಕೋಲು ತಂದು ಮತ್ತೆ ಇಳಿಬಿಟ್ಟರು. ಎಲ್ಲರ ಕಣ್ಣೆದುರಿಗೇ ಅದು ಬಣ್ಣ ಬದಲಿಸದೆ ಮೇಲೆ ಬಂತು. ಕೋಲನ್ನೂ ಸೀಸೆಯನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಾ ನಿಂತರು. ಮೂವತ್ತು ವರ್ಷ ಜೊತೆಗಿದ್ದ ಒಬ್ಬರು ಸುಳ್ಳು ಹೇಳಿದರೆ ಹೇಗೆ ನೋಡುತ್ತೇವೋ ಹಾಗೆ.

ಎರಡು ದಿನದ ಮೇಲೆ ಆಫೀಸರು ಬಂದರು. ಬಂಕು ಮುಚ್ಚಿತ್ತು. ಮಾಲೀಕರು, ಆಫೀಸರು, ಇವರು, ನಾನು. ಆಫೀಸರು ಮೊದಲು ಕೇಳಿದ್ದೇ ಅದನ್ನು: “ಹೊಸ ಪೇಸ್ಟ್ ಕಳಿಸಿದ್ವಲ್ಲ. ಯಾರು ರಿಸೀವ್ ಮಾಡಿದ್ದು? ಅದರ ಚೀಟಿ ಯಾರೂ ಓದಲಿಲ್ವಾ?”

ನಾನು ಬಾಯಿ ತೆರೆದೆ. ನಿಜವಾಗಿ ತೆರೆದೆ, ಅಷ್ಟು ಮಾತ್ರ ನನ್ನ ಪರವಾಗಿ ಹೇಳಬಲ್ಲೆ.

“ನಾನೇ ಸಾರ್” ಅಂದರು ಅವರು. “ನಾನೇ ತಗಂಡಿದ್ದು. ಹಳೇದು ಮುಗೀಲಿ ಅಂತ ನಾನೇ ಎತ್ತಿಟ್ಟೆ.”

“ಚೀಟಿ?”

“ನಂಗ್ಯಾವ ಇಂಗ್ಲೀಸ್ ಬತ್ತದೆ ಸಾರ್. ಯಾರ್ನಾದ್ರೂ ಕೇಳ್ಬೇಕಾಗಿತ್ತು. ಕೇಳ್ಲಿಲ್ಲ.”

ಕೇಳಿದ್ದರು. ನನ್ನನ್ನೇ ಕೇಳಿದ್ದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ.

ಹೊರಗೆ ಬಂದ ಮೇಲೆ “ಅಣ್ಣ, ಯಾಕೆ ಹಂಗೆ ಹೇಳಿದ್ರಿ” ಅಂದೆ. ಅವರು ನನ್ನ ಮುಖ ನೋಡಲಿಲ್ಲ. “ಕೋಲ್ ಹಿಡ್ದಿದ್ದು ನಾನು. ನೀರಿಲ್ಲ ಅಂತ ಬಾಯ್ಬುಟ್ ಕೂಗಿದ್ದೂ ನಾನು. ನೀನು ಪೆನ್ ಹಿಡ್ದಿದ್ದೋಳು. ನಾಳಿಕ್ ನಿನ್ ಕೆಲ್ಸ ಹೋದ್ರೆ ಯಾರ್ಗೇನ್ ಬಂತು? ಸುಮ್ಕಿರು.” ಆಗ ನನಗೆ ಬಂದದ್ದು ನಾಚಿಕೆ ಅಂತ ಬರೆದರೆ ಚೆನ್ನಾಗಿರುತ್ತದೆ. ಬಂದದ್ದು ನಿರಾಳ. ನಾಚಿಕೆ ಆಮೇಲೆ ಬಂತು, ನಿಧಾನವಾಗಿ, ದಿನಕ್ಕಿಷ್ಟು.

ಅವತ್ತೇ ಸಂಜೆ ಅವರು ಭಾಗ್ಯಳ ಮನೆಗೆ ಹೋದರು. ಒಬ್ಬರೇ ಹೋದರು. ಮಾರನೆಯ ದಿನ ನಾನು ಕೇಳಿದಾಗ, “ಬೈದ್ಲು” ಅಂದರು. ಆಮೇಲೆ, “ಸರಿಯಾಗ್ ಬೈದ್ಲು. ಅವ್ರಣ್ಣ ಬಾಯ್ ಮುಚ್ಚಿಸೋಕ್ ಬಂದ. ಬೈಲಿ ಬುಡಪ್ಪ ಅಂದೆ” ಅಂದರು. ಅದಾದ ಮೇಲೆ ಭಾಗ್ಯ ಆ ರಸ್ತೆಯಲ್ಲಿ ಓಡಲಿಲ್ಲ.

ಕೆಲಸದಿಂದ ತೆಗೆಯಲಿಲ್ಲ. ಕೋಲು ಕಿತ್ತುಕೊಂಡರು. ಟೈರಿಗೆ ಗಾಳಿ ಹಿಡಿಯುವ ಕಡೆ ಕೂರಿಸಿದರು. ಡಿಪ್ಪಣ್ಣ ಹೋಗಿ ನೀರಣ್ಣ ಆದರು. ಆಟೋದವರು ಗಾಳಿ ಹಿಡಿಸಲು ಬಂದಾಗ “ನೀರಣ್ಣ, ಗಾಳೀಲಾದ್ರೂ ನೀರ್ ಬೆರೆಸ್ಬೇಡಪ್ಪ” ಅನ್ನುವರು. ಮೊದಮೊದಲು ಅವರೂ ನಗಲು ನೋಡಿದರು. ಆಮೇಲೆ ತಲೆ ಬಗ್ಗಿಸಿ ಟೈರು ನೋಡುವುದನ್ನು ಕಲಿತರು. ಕೆಲವೇ ತಿಂಗಳಿಗೆ ಕಂಪನಿಯವರು ಟ್ಯಾಂಕಿನೊಳಗೆ ಯಂತ್ರ ಇಳಿಸಿದರು. ಎಣ್ಣೆ ಎಷ್ಟು, ನೀರೆಷ್ಟು ಅಂತ ನನ್ನ ಮೇಜಿನ ಪರದೆಯಲ್ಲೇ ಕಾಣತೊಡಗಿತು. ಬೆಳಗ್ಗೆ ಆರಕ್ಕೆ ಯಾರೂ ಏನೂ ಕೂಗುತ್ತಿರಲಿಲ್ಲ.

ಚಾರ್ಜರ್ ಕೂಡ ಬಂತು. ಹಸಿರು ಬಣ್ಣದ ಕಂಬ. ಎರಡು ತಿಂಗಳು ಒಂದು ಗಾಡಿಯೂ ಬರಲಿಲ್ಲ. ಅವರು ದಿನಾ ಅದರ ಧೂಳು ಒರೆಸುತ್ತಿದ್ದರು, ಯಾರೂ ಹೇಳಿರಲಿಲ್ಲ. ಮೊದಲನೇ ಕರೆಂಟ್ ಕಾರು ಬಂದ ದಿನ ಅದರ ಸುತ್ತ ಒಂದು ಸುತ್ತು ಹಾಕಿ ಬಂದು ನನಗೆ ಹೇಳಿದರು, “ಒಳ್ಳೇದೇ ಕಣಮ್ಮ ಇದು. ಒಳ್ಳೇದೇ. ಇದ್ರೊಳಗೆ ನಾನು ತಪ್ಪು ಮಾಡೋಕೆ ಜಾಗ ಇಲ್ಲ.” ಸಿಟ್ಟಿನಿಂದ ಹೇಳಿದ್ದಲ್ಲ. ಹಾಗಿದ್ದರೆ ನನಗೆ ಸಹಿಸುವುದು ಸುಲಭವಾಗುತ್ತಿತ್ತು.

ಪಾವಗಡದ ಆಚೆ ಅವರ ತಂಗಿಯನ್ನು ಕೊಟ್ಟಿದ್ದರು. ತಂಗಿಯ ಮನೆಯವರ ಜಮೀನು ಸೋಲಾರ್ ತಟ್ಟೆಗಳ ಕೆಳಗೆ ಹೋಗಿತ್ತು. ಒಂದು ಭಾನುವಾರ ನೋಡಲು ಹೋಗಿ ಬಂದರು. “ಭಾವಮೈದ ತೆಲುಗ್ನಲ್ಲಿ ಏನಂತಾನೆ ಗೊತ್ತಾ? ‘ಎಂಡ ಅಮ್ಮುಕುಂಟುನ್ನಾಂ ಬಾವಾ’ ಅಂತಾನೆ. ಬಿಸಿಲು ಮಾರ್ಕಂತಾ ಇದೀವಿ ಅಂತ! ನೋಡು, ನಾವ್ ಬೈಕಂಡಿದ್ ಬಿಸಿಲು.” ಕಣ್ಣಿಗೆ ಕಾಣುವಷ್ಟು ದೂರವೂ ತಟ್ಟೆಗಳಂತೆ. ಅಲ್ಲಿಯ ಗೇಟಿನಲ್ಲಿ ಕಾವಲಿಗಿದ್ದ ಹುಡುಗಿಯನ್ನು ಕಂಡು ಇವರು ಹಿಂದಕ್ಕೆ ತಿರುಗಿದರಂತೆ. ಭಾಗ್ಯ. ಕಾವಲುಗಾರರ ನೀಲಿ ಯೂನಿಫಾರ್ಮು, ತಲೆಗೆ ಟೋಪಿ. “ಚೆನ್ನಾಗ್ ಕಾಣ್ತಿದ್ಲು” ಅಂದರು. “ಖಾಕಿ ಆಗಿದ್ರೆ ಇನ್ನೂ ಚೆನ್ನಾಗಿರ್ತಿತ್ತು.” ಅದನ್ನು ಹೇಳುವಾಗ ಅವರ ಕೈ ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿ ಹಾಕುತ್ತಾ ಇತ್ತು.

ಆಗಲೂ ನಾನು ಹೇಳಬಹುದಿತ್ತು. ಮಾಲೀಕರಿಗೆ, ಆಟೋದವರಿಗೆ, ಭಾಗ್ಯಳಿಗೆ. ನಾಲ್ಕು ವರ್ಷದಲ್ಲಿ ಎಷ್ಟೋ ಬೆಳಗುಗಳು ಬಂದವು. ಹೇಳಲಿಲ್ಲ.

ಹೋದ ವರ್ಷ ಅವರು ಕೆಲಸ ಬಿಟ್ಟರು. ಯಾರೂ ಹಾರ ಹಾಕಲಿಲ್ಲ, ಅವರೂ ಹೇಳದೆ ಹೋದರು. ಈ ವರ್ಷ ಮನೆಯ ಜಗಲಿಯ ಮೇಲೆ ಕೂತಲ್ಲೇ ಎದೆ ನೋವು ಅಂದರಂತೆ, ಮಧುಗಿರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಹನ್ನೊಂದನೇ ದಿನದ ಊಟಕ್ಕೆ ಹೋದೆ. ಪಂಕ್ತಿಯಲ್ಲಿ ನನ್ನ ಎದುರು ಕೂತಿದ್ದ ಯಾರೋ ಪಕ್ಕದವರನ್ನು ಕೇಳುತ್ತಿದ್ದರು, “ಯಾರು, ಆ ನೀರ್ ಪೆಟ್ರೋಲ್ ಹಾಕ್ತಿದ್ದೋರಾ?” ಇವರು ಕಳ್ಳತನದಲ್ಲಿ ನೀರು ಬೆರೆಸುತ್ತಿದ್ದವರು ಅನ್ನುವ ಹಾಗೆ. ಸತ್ತವರ ಮನೆಯಲ್ಲಿ, ಸತ್ತವರ ಅನ್ನ ಉಣ್ಣುತ್ತಾ. ಎಲೆ ಬಿಟ್ಟು ಎದ್ದೆ.

ಕೈ ತೊಳೆಯುವ ಕಡೆ ಭಾಗ್ಯ ನಿಂತಿದ್ದಳು. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ನೇರ ಬಂದಿರಬೇಕು, ಅದೇ ನೀಲಿ ಯೂನಿಫಾರ್ಮಿನಲ್ಲಿದ್ದಳು. ನಾನು ಅಲ್ಲೇ ಹೇಳಿದೆ. ಡಬ್ಬ, ಟ್ಯೂಬು, ಚೀಟಿ. ಅವರು ನನ್ನನ್ನು ಕೇಳಿದ್ದು, ನಾನು ಓದದೆ ‘ಅದೇ ಪೇಸ್ಟ್’ ಅಂದದ್ದು. ಆಫೀಸರ ಮುಂದೆ ಅವರು ನನ್ನ ಮಾತನ್ನು ತಮ್ಮ ತಲೆಗೆ ಹಾಕಿಕೊಂಡದ್ದು, ನಾನು ಸುಮ್ಮನೆ ಇದ್ದುಬಿಟ್ಟದ್ದು. ಒಂದನ್ನೂ ಬಿಡಲಿಲ್ಲ. ಕೈ ತೊಳೆಯಲು ಬಂದವರು ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳಲಿ ಅಂತಲೇ ಜೋರಾಗಿ ಹೇಳಿದೆ.

ಅವಳು ನನ್ನನ್ನೇ ನೋಡುತ್ತಿದ್ದಳು.

“ಅವತ್ತು ನಮ್ ಮನೆ ಬಾಗ್ಲಲ್ಲಿ ನಿಂತಿದ್ರು ಅಕ್ಕ. ಒಳಕ್ ಬಾ ಅಂತ ಯಾರೂ ಅನ್ಲಿಲ್ಲ. ನಾನು ಬಾಯಿಗ್ ಬಂದಂಗ್ ಬೈದೆ. ನಿಮ್ ಮನೆ ಹಾಳಾಗ ಅಂದೆ. ನನ್ ಜೀವನಕ್ ನೀರ್ ಬುಟ್ರಿ ಅಂದೆ. ನಮ್ಮಪ್ಪನ್ ವಯಸ್ಸಿನೋರ್ಗೆ ಅನ್ಬಾರ್ದು ಅಂಥ ಮಾತು. ಒಂದಕ್ಕೂ ಎದುರಾಡ್ಲಿಲ್ಲ ಅವ್ರು.” ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. “ಅದ್ರಲ್ಲಿ ಅರ್ಧ ನಿಮ್ಗೆ ಸೇರ್ಬೇಕಾಗಿತ್ತಾ?”

“ಅರ್ಧಕ್ಕಿಂತ ಹೆಚ್ಚೇ ತಾಯಿ” ಅಂದೆ. “ಈಗ ಬೈದುಬಿಡು. ಎಲ್ಲರ ಮುಂದೇ ಬೈ.”

ಅವಳು ಬೈಯಲು ಬಾಯಿ ತೆರೆದಳು ಅಂತಲೇ ನನಗೆ ಅನ್ನಿಸಿತು. ಆಮೇಲೆ ತಲೆ ಅಲ್ಲಾಡಿಸಿದಳು.

“ಬರ್ತಿಲ್ಲ ಅಕ್ಕ. ಅವ್ರಿಗೇ ಎಲ್ಲಾ ಕೊಟ್ಬುಟ್ಟೆ.”